ತಕ್ಕದ್ದು

ಬುಧವಾರ ಸಂಜೆ ಆರೂಕಾಲಕ್ಕೆ ನನ್ನ ದನಿ
ಬೆನುವೆ ನದಿಯ ಎರಡೂ ದಡಕ್ಕೆ ಕೇಳುತ್ತದೆ.
ಮಕುರ್ಡಿಯ ಸ್ಟೇಷನ್ನಿನಲ್ಲಿ ಒಂದು ಫ್ಯಾನು, ಒಂದು ಮೈಕು,
ಅಬುಜಾದಿಂದ ಬಂದ ಇಪ್ಪತ್ತೆರಡು ಪುಟದ ಮಸೂದೆ,
ಅದರ ಮೂಲೆಯಲ್ಲಿ ಯಾರದೋ ಚಹಾ ಲೋಟದ ಉಂಗುರ.

ಇಂಗ್ಲಿಷಿನ ಕಾಗದವನ್ನು ತಿವ್ ಮಾತಿಗೆ ತರುವುದು ನನ್ನ ಕೆಲಸ.
ಇದಿನ್ನೂ ಕಾನೂನಲ್ಲ, ಬರೀ ಮಸೂದೆ, ಎಂದು ಶುರುಮಾಡಿದೆ.
ಬಸಿರು ಅಷ್ಟೆ, ಬಾಣಂತನ ದೂರ.
ಮೊದಲ ಓದಿನಲ್ಲಿ ಹೆಸರು ಕೂಗುತ್ತಾರೆ, ಯಾರೂ ತಲೆ ಎತ್ತುವುದಿಲ್ಲ.
ಎರಡನೆಯದರಲ್ಲಿ ಜಗಳ. ಆಮೇಲೆ ಸಮಿತಿ:
ಬಾಗಿಲು ಹಾಕಿಕೊಂಡು ಕೂರುತ್ತಾರೆ,
ಅರ್ಧಕ್ಕರ್ಧ ಅಲ್ಲೇ ಉಸಿರು ಬಿಡುತ್ತವೆ.
ಉಳಿದದ್ದಕ್ಕೆ ಮೂರನೆಯ ಓದು; ಮತ್ತೆ ಆಚೆಮನೆ ಸೆನೆಟ್ಟಿನಲ್ಲಿ
ಅದೇ ಸುತ್ತು ಇನ್ನೊಮ್ಮೆ;
ಕೊನೆಗೆ ಒಂದು ರುಜು.

"ರುಜು ಬೀಳದಿದ್ದರೆ?" ಫೋನಿನಲ್ಲಿ ಟೈಲರ್ ಇಯೋರ್ಕ್ಯಾ.
ಹೊಲಿದ ಅಂಗಿ ಗೂಟದಲ್ಲೇ ಇದೆ,
ಗಿರಾಕಿ ಬರಲಿಲ್ಲ ಅಂದುಕೊಳ್ಳಿ.

ಮಸೂದೆ ದೋಣಿಯದು. ಅಂದರೆ ನಮ್ಮದೇ.
ಹತ್ತಕ್ಕಿಂತ ಹೆಚ್ಚು ಜನ ಕೂತರೆ ತಲೆಗೊಂದು ಲೈಫ್ ಜಾಕೆಟ್ಟು
(ನಾನು ತೇಲಂಗಿ ಎಂದೆ, ಎಲ್ಲರಿಗೂ ತಿಳಿಯಿತು).
ಕತ್ತಲಾದ ಮೇಲೆ ಹುಟ್ಟು ಹಾಕುವಂತಿಲ್ಲ.
ಗೆಣಸಿನ ಮೂಟೆಗೊಂದು ಲೆಕ್ಕ, ಮನುಷ್ಯರಿಗೊಂದು ಲೆಕ್ಕ.
ನದಿ ಇಲ್ಲಿಯವರೆಗೆ ಆ ಭೇದ ಮಾಡಿದ್ದಿಲ್ಲ.

ಕಲಂ ಹದಿನಾಲ್ಕರಲ್ಲಿ ನಾಲಿಗೆ ತಡೆಯಿತು.
ಪ್ರಯಾಣಿಕನು ಧರಿಸತಕ್ಕದ್ದು.
ದೋಣಿಯವನು ಇಟ್ಟಿರತಕ್ಕದ್ದು,
ಇಲ್ಲದಿದ್ದರೆ ದಂಡ ತೆರತಕ್ಕದ್ದು,
ತೆರದಿದ್ದರೆ ದೋಣಿ ಒಪ್ಪಿಸತಕ್ಕದ್ದು.
ಪುಟ ತಿರುಗಿಸಿದ ಮೇಲೆ, ಒಂಟಿಯಾಗಿ ಒಂದು ಸಾಲು:
ಸರ್ಕಾರವು ಅಂಗಿಗಳನ್ನು ರಿಯಾಯಿತಿ ದರದಲ್ಲಿ ಒದಗಿಸಬಹುದು.

ಹನ್ನೆರಡು ವರ್ಷದಿಂದ ಈ ಮೈಕಿನ ಮುಂದಿದ್ದೇನೆ.
ಕಾಲರಾ ಓದಿದ್ದೇನೆ, ಚುನಾವಣೆ ಓದಿದ್ದೇನೆ, ದನಿ ನಡುಗಿದ್ದಿಲ್ಲ.
'ಬಹುದು' ಎನ್ನುವಾಗ ಅದು ತಾನಾಗಿ ತೆಳ್ಳಗಾಯಿತು.
ವದಾತ ಘಟ್ಟದ ಅಂಬಿಗ ತರ್ಸೂಗೆ ಅದು ಕೇಳಿಸಿಬಿಟ್ಟಿತು.

"ದೂಸೂರಮ್ಮಾ, ನನ್ನ ಪಾಲಿಗೆ ಮೂರು ತಕ್ಕದ್ದು,
ಅವರ ಪಾಲಿಗೆ ಒಂದೇ ಒಂದು ಬಹುದು.
ಒಂದು ಅಂಗಿಗೆ ನನ್ನ ಮೂರು ದಿನದ ದುಡಿಮೆ.
ಹದಿನೆಂಟು ಜನ ಹತ್ತುವ ದೋಣಿ. ನೀವೇ ಗುಣಿಸಿ."
ಐವತ್ತನಾಲ್ಕು ದಿನ, ಎಂದೆ.
"ನನ್ನನ್ನೂ ಸೇರಿಸಿ. ಅಂಬಿಗನೂ ಮುಳುಗುತ್ತಾನೆ."
ಐವತ್ತೇಳು.
ಹೊಳೆ ದಾಟಿದವರು ಯಾರೂ ಈ ಲೆಕ್ಕ ಮಾಡಿರಲಿಲ್ಲ.

ಕೊನೆಯ ಕರೆ, ಒಣಮೀನು ಮಾರುವ ಹೆಂಬಾದೂನ್.
"ದಂಡ ಎಷ್ಟಾದರೂ ಇರಲಿ.
ಅಂಗಿಯ ಅಳತೆ ಬರೆದಿದ್ದಾರೆಯೇ? ಮಕ್ಕಳದು?"
ಹುಡುಕಿದೆ. ಇಪ್ಪತ್ತೆರಡು ಪುಟ ಮಗುಚುವ ಸದ್ದು
ಎರಡೂ ದಡಕ್ಕೆ ಪ್ರಸಾರವಾಯಿತು.
ಇಲ್ಲ, ಎಂದೆ.
"ನನ್ನ ಸೆವೂಸೆಗೆ ಆರು ವರ್ಷ.
ಆ ದಿನ ಪುಣ್ಯಾತ್ಮರೊಬ್ಬರು ತಮ್ಮ ಅಂಗಿ ಬಿಚ್ಚಿ ತೊಡಿಸಿದ್ದರು.
ಅಂಗಿ ತೇಲಿತು."

ಫ್ಯಾನು ತಿರುಗುತ್ತಿತ್ತು.
ಸಮಯ ಮುಗಿಯಿತೆಂದು ಗಾಜಿನಾಚೆಯಿಂದ ಬೆರಳು ಆಡಿಸಿದರು.
ಓದಲು ಒಂದೇ ಸಾಲು ಉಳಿದಿತ್ತು:
ಸಮಿತಿಯ ವಿಚಾರಣೆ ಬರುವ ಹನ್ನೊಂದಕ್ಕೆ, ಅಬುಜಾದಲ್ಲಿ.
ಸಾರ್ವಜನಿಕರು ಯಾರು ಬೇಕಾದರೂ ಬಂದು ಮಾತಾಡಬಹುದು.
ಈ ಬಹುದನ್ನು ಎರಡು ಸಲ ಓದಿದೆ, ಗಟ್ಟಿಯಾಗಿ.

ಅವಳು ಫೋನು ಇಟ್ಟಿರಲಿಲ್ಲ.
"ಅಂಗಿ ನನ್ನ ಹತ್ತಿರವೇ ಇದೆ. ಮಡಿಸಲು ಬರುವುದಿಲ್ಲ ಅದು.
ತೊಡೆಯ ಮೇಲೆ ಕೂರಿಸಿಕೊಂಡು ಬಂದರೆ
ಬಸ್ಸಿನವರು ಅದಕ್ಕೂ ಟಿಕೆಟ್ಟು ಕೇಳುತ್ತಾರೆಯೇ?"