ಗುರಾಮನ ಓಪೆಲ್ಲಿಗೆ ಮದ್ದು

ಈ ಸಲವೂ ಬಂದ ಗುರಾಮ್, ಟೊಪ್ಪಿಗೆ ಕಂಕುಳಲ್ಲಿಟ್ಟು,
ಕೋಟಿನ ಒಳಜೇಬಿನಿಂದ ಬಾಟಲಿ ತೆಗೆದ.
ಮದ್ಯವೇನೋ ಎಂದು ನಮ್ಮ ಹುಡುಗ ಜಾಬಾ
ಲೋಟ ಹುಡುಕಲು ಹೋದ.

ಮದ್ಯವಲ್ಲ. ಇಂಜೆಕ್ಟರ್ ಕ್ಲೀನರು.
ಕೆಂಪು ಮುಚ್ಚಳ, ಚೀಟಿಯ ಮೇಲೊಂದು ಓಡುವ ಚಿರತೆ,
ಬೆಲೆ ಹದಿನೆಂಟು ಲರಿ.
"ನಿಜ ಹೇಳು," ಅಂದ, "ಇದು ಕೆಲಸ ಮಾಡುತ್ತದೋ,
ಬರೀ ನನ್ನ ಸಮಾಧಾನಕ್ಕೋ?"

ಕುತೈಸಿಯಲ್ಲಿ ಈ ಪ್ರಶ್ನೆ ಕೇಳದವನಿಲ್ಲ.
ಇಲ್ಲಿನ ಕಾರುಗಳೆಲ್ಲ ಬೇರೆಲ್ಲೋ ಒಂದು ಜನ್ಮ ಮುಗಿಸಿ
ಹಡಗು ಹತ್ತಿ ಪೋತಿ ಬಂದರಿಗೆ ಬಂದಿಳಿದವು:
ಒಂದಕ್ಕೆ ಬಂಪರಿಲ್ಲ,
ಒಂದರ ಸೀಟಿನಲ್ಲಿ ಹಿಂದಿನ ಯಜಮಾನನ ನಾಯಿಕೂದಲು ಇನ್ನೂ.
ಗುರಾಮನ ಓಪೆಲ್ಲಿಗೆ ಇಪ್ಪತ್ತೇಳು ವರ್ಷ.
ಏರು ಕಂಡರೆ ಉಗ್ಗುತ್ತದೆ.
ಬಗ್ರತಿ ಗುಡ್ಡದ ಅರ್ಧಕ್ಕೆ
ಮಾತು ಮರೆತವರ ಹಾಗೆ ತಡೆದು,
ಒಮ್ಮೆ ಕೆಮ್ಮಿ, ಏನೋ ನೆನಪಾಗಿ, ಮತ್ತೆ ಹತ್ತುತ್ತದೆ.

ಕೈ ಒರೆಸಿಕೊಳ್ಳುತ್ತ ಹೇಳಿದೆ:
ನೋಡು, ಅದೊಂದು ಸಣ್ಣ ಮೂತಿ. ಅದರ ತೂತು ಕಣ್ಣಿಗೂ ಕಾಣದು.
ಪೆಟ್ರೋಲು ಮಂಜಾಗಿ ಹೊರಬೀಳಬೇಕು,
ಜಿಡ್ಡು ಹಿಡಿದರೆ ಮಂಜಲ್ಲ, ಜೊಲ್ಲು.
ಜಿಡ್ಡು ತೆಳುವಾಗಿದ್ದರೆ ಈ ಮದ್ದು ಕರಗಿಸುತ್ತದೆ, ಸುಳ್ಳಲ್ಲ,
ಒಂದು ಟ್ಯಾಂಕು, ಎರಡು ಟ್ಯಾಂಕು, ನಿಧಾನ.
ಕಲ್ಲಾಗಿ ಕೂತಿದ್ದರೆ ಬಿಚ್ಚಿಯೇ ತೊಳೆಯಬೇಕು.
ಒಳಗಿನ ಸ್ಪ್ರಿಂಗೇ ಸತ್ತಿದ್ದರೆ
ಹೊಳೆಯಲ್ಲಿ ಹುಳಿಹಣ್ಣು ತೊಳೆದ ಹಾಗೆ,
ರಿಯೋನಿ ಹುಳಿಯಾಗುವುದಿಲ್ಲ,
ಹಣ್ಣೂ ಕೈಯಲ್ಲಿ ಉಳಿಯುವುದಿಲ್ಲ.

ಗುರಾಮ್ ನಕ್ಕ. ಮೂವತ್ತೊಂದು ವರ್ಷ ನಾಟಕಶಾಲೆಯಲ್ಲಿ
ರಂಗದಡಿಯ ಗೂಡಿನಲ್ಲಿ ಕೂತು
ಮಾತು ತಪ್ಪಿದವರಿಗೆ ಪಿಸುಗುಟ್ಟಿದವನು ಅವನು.
ಮುಖ ಕಂಡ ಪ್ರೇಕ್ಷಕ ಒಬ್ಬನೂ ಇಲ್ಲ.
"ನನಗೆ ಗೊತ್ತಿಲ್ಲವೇ," ಅಂದ. "ಮರೆತವನಿಗೆ
ಮೊದಲ ಅಕ್ಷರ ಕೊಟ್ಟರೆ ಸಾಕು, ಇಡೀ ಸಾಲು ಉಕ್ಕುತ್ತದೆ.
ಕಲಿಯದೇ ಬಂದವನಿಗೆ
ನಾಟಕ ಪೂರ್ತಿ ಊದಿದರೂ ಗಾಳಿಯೇ.
ಕುಡಿದು ಬಂದವನದು ಬೇರೆ ಕತೆ."

"ನಿನ್ನ ಓಪೆಲ್ ಯಾರ ಪೈಕಿ?"
"ಅದನ್ನು ನೀನು ಹೇಳಬೇಕು ಮಾರಾಯ."

ಬಾನೆಟ್ ಎತ್ತಿದೆವು.
ನಾಲ್ಕನ್ನೂ ಬಿಚ್ಚಿ ಗಾಜಿನ ಕೊಳವೆಗಳ ಮೇಲಿಟ್ಟು
ಗುಂಡಿ ಒತ್ತಿದೆ. ಟಿಕಟಿಕ, ಟಿಕಟಿಕ.
ಗುರಾಮ್ ಮೂಗು ಗಾಜಿಗೆ ತಾಗಿಸಿ ನೋಡಿದ,
ತುಟಿ ಅಲ್ಲಾಡುತ್ತಿತ್ತು, ಹಳೆಯ ಅಭ್ಯಾಸ.
ನಾಲ್ಕೂ ಒಂದೇ ಮಟ್ಟಕ್ಕೆ ತುಂಬಿದವು.
ಮಂಜೆಂದರೆ ಮಂಜು, ಬೆಳಗಿನ ಜಾವದ್ದು.
"ನನ್ನ ಮದ್ದು!" ಎದೆಯುಬ್ಬಿಸಿದ.
ಇರಬಹುದು. ಇರಲಿಕ್ಕಿಲ್ಲ.
ಮದ್ದು ಹಾಕುವ ಮೊದಲು ಯಾರೂ ನೋಡಿರಲಿಲ್ಲವಲ್ಲ,
ಯಾರನ್ನು ಸಾಕ್ಷಿಗೆ ಕರೆಯಲಿ?

ಉಗ್ಗು ಸಿಕ್ಕಿದ್ದು ಜಾಬಾನಿಗೆ,
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ತಡಕಾಡುವಾಗ:
ಮೂರನೆಯ ಪ್ಲಗ್ಗಿನ ವೈರು. ಇಲಿ ಕಡಿದಿತ್ತು.
ಏರಿನಲ್ಲಿ ಕಿಡಿ ದಾರಿ ತಪ್ಪಿ ಕಬ್ಬಿಣಕ್ಕೆ ಹಾರುತ್ತಿತ್ತು.
ವೈರಿಗೆ ಹನ್ನೆರಡು ಲರಿ. ಕೂಲಿ ಬೇಡವೆಂದೆ.

ಗುರಾಮನಿಗೆ ಖುಷಿಯಾಗಲಿಲ್ಲ.
ಎರಡು ವರ್ಷ, ತಿಂಗಳಿಗೊಂದು ಬಾಟಲಿ,
ಬೆರಳು ಮಡಿಸಿ ಎಣಿಸತೊಡಗಿದವನು
ನಡುವೆಯೇ ಕೈ ಜೇಬಿಗಿಳಿಸಿದ.
ಚಿರತೆಯ ಬಾಟಲಿ ಬೆಂಚಿನ ಮೇಲೇ ಉಳಿಯಿತು,
ಮರೆತದ್ದೋ, ಬಿಟ್ಟದ್ದೋ.
ಓಪೆಲ್ ಗುಡ್ಡ ಹತ್ತುವ ಸದ್ದು ಕೇಳುತ್ತ ನಿಂತೆವು:
ಒಂದೇ ಉಸಿರು, ಎಲ್ಲೂ ತಡವರಿಸಲಿಲ್ಲ.
"ಬೇರೆ ಯಾರದೋ ಕಾರಿನ ಹಾಗಿದೆ," ಅಂದ ಜಾಬಾ.

ರಾತ್ರಿ ಶಟರ್ ಎಳೆದು, ಅತ್ತಿತ್ತ ನೋಡಿ,
ಅದನ್ನು ನನ್ನ ಮರ್ಸಿಡಿಸಿನ ಟ್ಯಾಂಕಿಗೆ ಸುರಿದೆ.
ಅದಕ್ಕೇನೂ ಆಗಿಲ್ಲ.
ಬೆಳಿಗ್ಗೆ ಚಳಿಗೆ ಒಂಚೂರು ನಡುಗುತ್ತದೆ, ಅಷ್ಟೇ.
ಖಾಲಿ ಬಾಟಲಿ ಯಾರಿಗೂ ಕಾಣದಿರಲೆಂದು
ಎಣ್ಣೆ ಡಬ್ಬಗಳ ಹಿಂದೆ ತಳ್ಳಿದೆ.
ಕೈಗೆ ಗಾಜು ತಾಗಿತು:
ಅಲ್ಲಿ ಆಗಲೇ ಎರಡಿದ್ದವು, ನನ್ನವಲ್ಲ.