ಬುಳ್ಳಪ್ಪನ ನಾಲಿಗಿ

ಕೌಲ್ ಬಜಾರಿನ ನಮ್ಮ ಯೂನಿಟ್ಟಿಗೆ
ಟೀವಿಯವರು ಬಂದು ಕರಡಿ ಕೇಳಿದರು.
ಜೀನ್ಸ್ ಪ್ಯಾಂಟು ಹೊಲಿಯೋರ ಹತ್ರ ಕರಡಿ!
ಮೂಲ್ಯಾಗ ತುಂಡು ಬಟ್ಟಿ ರಾಶಿ ಬಿದ್ದಿತ್ತು,
ಅದನ್ನ ತೋರಿಸಿ ಕೇಳಿದ್ದು.

ದರೋಜಿ ಗುಡ್ಡದಾಗಿನ ಕರಡಿ ಕರ್ರಗ ಇರತಾವ,
ನಮ್ಮದು ನೀಲಿ.
ಹೊಟ್ಟಿಗೆ ಹಿಂದಿನ ಜೇಬು, ಕಣ್ಣಿಗೆ ತಾಮ್ರದ ಗುಂಡಿ,
ನಾಲಿಗಿಗೆ ಮಾತ್ರ ಕೆಂಪು ಸ್ಯಾಟಿನ್,
ಯಾರದೋ ಮದಿವಿ ಬ್ಲೌಸಿನಾಗ ಉಳಿದದ್ದು.
ಹೆಸರು ಬುಳ್ಳಪ್ಪ.

ಬುಲ್ಲಪ್ಪ, ಅಂದೆ ನಾನು.
ಡೈರೆಕ್ಟರ್ ತಿಪ್ಪೇರುದ್ರ ಕುಣಿದಾಡಿಬಿಟ್ಟ:
"ಇದೇ ನೋಡು ಮಾಬುನ್ನಿ, ಇದೇ ನಮ್ಮ ಎಪಿಸೋಡು!
ನಲವತ್ತೊಂಬತ್ತನೇದು, ಕಡೇ ಅಕ್ಷರ.
ಪಾಪ, ಕರಡಿಗೆ ತನ್ನ ಹೆಸರೇ ಅನ್ನಾಕ ಬರಂಗಿಲ್ಲ."

ನನಗ ಬರಿಯಾಕ ಬರತೈತಿ.
ಏಳನೇತ್ತ ಮಟ ಕನ್ನಡ ಸಾಲಿ ಕಲ್ತೀನಿ.
ಕಾಗದದ ಮ್ಯಾಲ ಎಲ್ಲಾ ಳ ಸುಮ್ಮನ ಕೂಡತಾವ,
ಬಾಯಾಗ ಬಂದರ ಜಾರತಾವ.
ನಮ್ಮನಿ ಮಾತಿನಾಗ ಅದಕ್ಕ ಕುರ್ಚಿ ಹಾಕಿಲ್ಲ.

ಸತ್ಯನಾರಾಯಣ ಪೇಟಿ ಸಾಲ್ಯಾಗ ಶೂಟಿಂಗು.
ಮೇ ತಿಂಗಳು, ಸಪ್ಪಳ ಬರತೈತಿ ಅಂತ ಫ್ಯಾನ್ ಬಂದ್.
ಹುಲಿಗೆಮ್ಮ ಮೇಜಿನ ಕೆಳಗ,
ಆಕಿ ಬಲಗೈ ಮೊಣಕೈ ಮಟ ಕರಡಿ.
ಹೆಬ್ಬೆರಳು ದವಡಿಗೆ, ತೋರಬೆರಳು ತಂತಿಗೆ:
ಸೈಕಲ್ ಬ್ರೇಕಿನಿಂದ ಬಿಚ್ಚಿದ ಒಂದು ಎಳಿ,
ಜಗ್ಗಿದರ ನಾಲಿಗಿ ತುದಿ ಹಿಂದಕ್ಕ ಮಡಚಬೇಕು.

ಮೂರು ಹುಡುಗರು ಬೆಂಚಿನ ಮ್ಯಾಲ.
ಕರಡಿ ಬಗ್ಗಿ ಪುಟ್ಟಿಗೆ ಕೇಳಿತು:
"ಯಾಕವ್ವ ಅಳತಿ? ಹೇಲು, ನನ್ನ ಮುಂದ ಹೇಲು!"

ಬೆಂಚೇ ಉರುಳಿತು.
ಕ್ಯಾಮೆರಾದಾವ ಗೋಡಿ ಹಿಡಕೊಂಡ.
"ಕಟ್! ಯಾರು ಬರದದ್ದು ಇದನ್ನ?"
ತಾನೇ ಬರದಿದ್ದ.
ನಾನೂ ನಕ್ಕೆ, ಕಣ್ಣಾಗ ನೀರು ಬರೋಹಂಗ ನಕ್ಕೆ.
ಆಮ್ಯಾಲ ನಗು ಅರ್ಧಕ್ಕ ನಿಂತಿತು:
ಈ ಮಾತು ನಾನು ಎಷ್ಟು ಮಂದಿಗೆ ಅಂದಿದ್ದೀನಿ!
ಡಾಕ್ಟರಿಗೆ, ಕಂಡಕ್ಟರಿಗೆ,
ಮಗನ ಸಾಲಿ ಹೆಡ್ಮಾಸ್ತರಿಗೆ,
ಮರ್ಯಾದಿಲೆ, ಕೈ ಮುಗದು.

ನಾಲ್ಕನೇ ಟೇಕಿಗೆ ತಂತಿ ಹರೀತು.
ನಾಲಿಗಿ ಅಂಗಳಕ್ಕ ಹತ್ತಿ ಕುಂತದ್ದು ಇಳೀವಲ್ದು.
ಕೈ ಇಳಿಸಿದರ ಮತ್ತ ಲೈಟು ಹೊಂದಿಸಬೇಕಂತ,
ಹುಲಿಗೆಮ್ಮ ಕೈ ಎತ್ತಿದಾಕಿ ಎತ್ತಿದಂಗ.
ನಾನು ಸೂಜಿ ಕಚ್ಚಿಕೊಂಡು ಮೇಜಿನ ಕೆಳಗ ತೂರಿದೆ,
ಆಕಿ ಬೆರಳಿಗೆ ಚುಚ್ಚದಂಗ
ಕರಡಿ ಬಾಯಾಗ ಕೈ ಇಟ್ಟೆ.
ಕೆಂಪು ದಾರ ಇರಲಿಲ್ಲ,
ಜೀನ್ಸಿನ ಕಿತ್ತಳೆ ದಾರಾನ ಹಾಕಿದೆ.

ಆಕಿ ಕಿವಿಯಾಗ ಕೇಳಿದಳು:
"ಪ್ಯಾಂಟಿನ ಅಂಚು ಹೆಂಗ ಹೊಲೀತಿ?"
"ಒಂದ್ಸಲ ಒಳಗ ಮಡಚೋದು, ಮತ್ತೊಂದ್ಸಲ ಮಡಚೋದು."
"ಒಂದೇ ಸಲ ಸಾಕು. ಮಡಚು. ಮ್ಯಾಲ ಮುಟ್ಟಿಸು. ಬಿಡು."

ಸೂಜಿ ತಗದು ಸೆರಗಿಗೆ ಚುಚ್ಚಿದೆ.
ಮಡಚಿದೆ, ಮುಟ್ಟಿಸಿದೆ.
ಬೆವರು, ಕತ್ತಲ, ಇಬ್ಬರ ಉಸಿರು.
ಳ.

ಬಾಯಾಗ ಒಂದು ಗುಂಡಿ ತನ್ನ ಕಾಜಾ ಹುಡುಕ್ಕೊಂಡಂಗಾತು.
ಮೈಕಿನ ಹುಡುಗ ಮ್ಯಾಲಿಂದ ಕೂಗಿದ:
"ಅದ್ಯಾರು? ಚಲೋ ಬಂತಲ್ರಿ!"
ಅದನ್ನ ಇಟ್ಟಕೊಂಡರೋ ಒರಸಿದರೋ, ಗೊತ್ತಿಲ್ಲ.

ಶನಿವಾರ ಬಂತು ಟೀವ್ಯಾಗ.
ಯೂನಿಟ್ಟಿನಾಗ ಹತ್ತು ನಿಮಿಷ ಮಿಷನ್ನು ನಿಂತವು.
ಹೆಸರು ಓಡಿಹೋದವು, ನನ್ನದು ಇದ್ದಿಲ್ಲ.
ಬುಳ್ಳಪ್ಪ ಬಾಯಿ ತೆರೆದಾಗೆಲ್ಲಾ
ಕಿತ್ತಳೆ ಹೊಲಿಗಿ ಕಾಣತಿತ್ತು.
ಯಾರೂ ನೋಡಲಿಲ್ಲ.
ನಾನು ಮತ್ತೇನೂ ನೋಡಲಿಲ್ಲ.

ಅವಸರದಾಗ ಈಗಲೂ ತಪ್ಪತೈತಿ.
ರೇಷನ್ ಅಂಗಡ್ಯಾಗ ಬೇಲೆ ಅಂತೀನಿ.
ಅವ ಬೇಳೆ ತೂಗತಾನ.