ಖರೀದಿ ಬೆಲೆ

ಫಾರಮ್ಮಿನಲ್ಲಿ ಮೂರೇ ಮನೆಗಳು:
ಕೊಂಡ ದಿನ, ಕೊಂಡ ಬೆಲೆ, ಮಾರಿದ ಬೆಲೆ.
ಎದುರಿನ ಕುರ್ಚಿಯಲ್ಲಿ ಅಮರಮ್ಮ,
ಬೆರಳ ತುದಿಗೆ ಇಪ್ಪತ್ತು ವರ್ಷದ ಟೋನರಿನ ಕಪ್ಪು.
ಹಟ್ಟಿ ಕ್ಯಾಂಪಿನ ಬಸ್‌ಸ್ಟ್ಯಾಂಡಿಗೆ ಬೆನ್ನು ಕೊಟ್ಟ
ಎಂಟಡಿ ಜೆರಾಕ್ಸ್ ಅಂಗಡಿ ಅವಳದು.
ಊರಿನ ಪಹಣಿ, ಪಾಸ್‌ಬುಕ್ಕು, ಮರಣಪತ್ರ
ಎಲ್ಲಕ್ಕೂ ಅಲ್ಲಿ ಇನ್ನೊಂದು ಹುಟ್ಟು.

"ಕೊಂಡ ದಿನ?"
"ಕೊಂಡಿಲ್ರಿ. ಬಾಕಿ ವಸೂಲಿ."

ಹದಿಮೂರರ ಜನವರಿ. ಡ್ರಿಲ್ಲಿಂಗ್ ಯಂತ್ರದ ರಿಪೇರಿಗೆ
ಪೋಲೆಂಡಿನಿಂದ ಬಂದ ಕೆಂಚು ಗಡ್ಡದ ಹುಡುಗ
ಎರಡು ಸಾವಿರದ ಎಂಟುನೂರಾ ನಲವತ್ತು ಹಾಳೆ ನಕಲು ತೆಗೆಸಿ,
ಕಂಪನಿಯ ದುಡ್ಡು ಬಂದಿಲ್ಲವೆಂದು ತಲೆ ಕೆರೆದು,
ಅವಳ ಕಂಪ್ಯೂಟರಿನಲ್ಲೇ ಏನೇನೋ ಕುಟ್ಟಿ
ಹನ್ನೆರಡು ಇಂಗ್ಲಿಷ್ ಶಬ್ದ ಬರೆದುಕೊಟ್ಟು ಹೋದ.
ನಾಲ್ಕು ಬಿಟ್‌ಕಾಯಿನ್. ಇದೇ ಗಂಟು, ಇದೇ ಕೀಲಿ.
ಆಡು, ಏಣಿ, ಉಪ್ಪು ಅದರಲ್ಲಿದ್ದವಂತೆ.
ಉಳಿದವನ್ನು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಎರಡನೇ ಪಾಳಿ ಮುಗಿಸಿ ಬಂದ ಮೌನೇಶ
ಹಾಳೆಯನ್ನು ಬಲ್ಬಿಗೆ ಹಿಡಿದು ನೋಡಿದನಂತೆ.
ನೆಲದಡಿ ಕಲ್ಲೊಡೆದು
ಟನ್ನಿಗೆ ಮೂರು ಗ್ರಾಮು ದಕ್ಕಿದರೆ ಹಬ್ಬವೆಂದು ಬಲ್ಲವನು,
ದಿನವೂ ಗೇಟಿನಲ್ಲಿ ಬುತ್ತಿಡಬ್ಬಿ ಬೋರಲು ಹಾಕಿ
ಏನಿಲ್ಲವೆಂದು ತೋರಿಸಿ ಮನೆಗೆ ಬರುವವನು
ಕೇಳಿದ: "ಇದರಾಗ ಎಷ್ಟು ಗ್ರಾಂ ಐತಿ?"
ಮಾತಿಗೆ ಮಾತು ಬೆಳೆಯಿತು. ಎಂಟು ದಿನ
ಅವಳು ಬಡಿದ ರೊಟ್ಟಿ ಮುಟ್ಟಲಿಲ್ಲ.

ಇದನ್ನು ಯಾವ ಮನೆಯಲ್ಲಿ ತುಂಬಲಿ?
ಕಾಯ್ದೆ ಸ್ಪಷ್ಟ: ಖರೀದಿ ಬೆಲೆಯೊಂದನ್ನು ಬಿಟ್ಟು
ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ.
ಜೋಳದ ಡಬ್ಬಿಯ ತಳದಲ್ಲಿ ಹಾಳೆ ಮಲಗಿದ ಹನ್ನೊಂದು ವರ್ಷ,
ನುಸಿ ಬಿದ್ದಾಗೆಲ್ಲ ಕಾಳಿನ ಜೊತೆ ಬಿಸಿಲು ಕಂಡದ್ದು,
ಬೆಲೆ ಏರಿತೆಂದು ಅಕ್ಕನ ಮಗ ಕುಣಿದಾಗ,
ಬಿತ್ತೆಂದು ಅವನೇ ಅತ್ತಾಗ,
ಅವಳು ಮಿಷಿನ್ನಿನ ಮುಚ್ಚಳ ಎತ್ತುತ್ತ ಇಳಿಸುತ್ತ ನಿಂತದ್ದು,
ಕಳೆಯುವಂತಿಲ್ಲ.

ಒಂದನ್ನು ಮಾತ್ರ ಮಾರಿದ್ದಾಳೆ. ಐವತ್ತನಾಲ್ಕು ಲಕ್ಷ.
ನಾನು ಭಾಗಿಸಿದೆ. ಕೊಂಡ ಬೆಲೆ ಏಳುನೂರಾ ಹತ್ತು,
ಹಾಳೆಗೊಂದು ರೂಪಾಯಿಯಂತೆ.
"ಕಾಗದಾ, ಕರೆಂಟು ನಂದ ಹೋಗಿತ್ತಲ್ರಿ?"
ಅದನ್ನೂ ಕಳೆಯುವಂತಿಲ್ಲ, ಅಮರಮ್ಮ.
"ಹೋಗ್ಲಿ ಬಿಡ್ರಿ," ಅಂದಳು,
ಮಸುಕು ಬಂದ ಹಾಳೆಗೆ ಗಿರಾಕಿಯಿಂದ ದುಡ್ಡು ಇಸಿದುಕೊಳ್ಳದವಳ ದನಿಯಲ್ಲಿ.

ಫಾರಮ್ಮಿನಲ್ಲಿಲ್ಲದ ಇನ್ನೊಂದು ಮನೆ ನನ್ನದು.
ಹದಿನಾಲ್ಕರಲ್ಲಿ ಅವಳ ಅಂಗಡಿ ಲೈಸೆನ್ಸಿಗೆ
ನನ್ನ ಫೀಸು ಎಂಟುನೂರು.
"ರೊಕ್ಕಿಲ್ಲ. ಇದರಾಗಿಂದ ಒಂದು ತಗೋತೀರೇನ್ರಿ?" ಅಂದಿದ್ದಳು.
ನಾನು ನಕ್ಕಿದ್ದೆ.
ನಕ್ಕು, ಎರಡು ಕಂತಿನಲ್ಲಿ ನಗದು ಎಣಿಸಿಕೊಂಡಿದ್ದೆ.
ಅವಳಿಗೆ ನೆನಪಿದೆಯೋ ಇಲ್ಲವೋ.
ಈ ಸಲ ಸಾವಿರದೈನೂರು ಕೊಟ್ಟು ರಸೀದಿ ಕೇಳಿ ಪಡೆದಳು.

ಬಾಗಿಲಲ್ಲಿ ನಿಂತು ಹೇಳಿದಳು, ಹೇಳಬಾರದ್ದೇನೋ ಎಂಬಂತೆ:
ಆ ಹಾಳೆಯದೂ ಅವತ್ತೇ ಒಂದು ಕಾಪಿ ತೆಗೆದಿದ್ದಳಂತೆ. ಕೈಯ ರೂಢಿ.
ಸೊಟ್ಟ ಬಂತು, ರದ್ದಿಗೆ ಎಸೆದಳು,
ರದ್ದಿ ಹುಸೇನಪ್ಪನ ಮಿರ್ಚಿ ಬಂಡಿಗೆ ಹೋಯಿತು.
ಯಾರೋ ಆ ಹನ್ನೆರಡು ಶಬ್ದಕ್ಕೆ
ಮಿರ್ಚಿಯ ಎಣ್ಣೆ ಒತ್ತಿ, ತಿಂದು, ಉಂಡೆ ಮಾಡಿ ಒಗೆದರು.
"ನಿದ್ದಿ ಬರದಾಗ ಯಾರಿರಬೇಕಂತ ಯೋಚನಿ ಮಾಡ್ತೀನ್ರಿ."

ಈಗ ನಾನೂ, ಮುಂಜಾನೆ ಬಂಡಿಯ ಹತ್ತಿರ
ಒಗ್ಗರಣಿ ಮುಗಿಸಿದ ಮೇಲೆ ಕಾಗದ ಬಿಡಿಸಿ ನೋಡುತ್ತೇನೆ.
ಇವತ್ತಿನದು ಯಾವುದೋ ಹುಡುಗನ ಭಾಗಾಕಾರ,
ಎಣ್ಣೆಯಲ್ಲಿ ಪಾರದರ್ಶಕ.
ಶೇಷ ಮೂರು.